ವೈಪರ್ ಮೋಟಾರ್ ಬದಲಿಸುವ ಮುನ್ನ ಲಿಂಕೇಜ್ ತಿರುಗಿಸಿ ನೋಡಿ

ಜೂನ್ ಬಂತೆಂದರೆ ಗ್ಯಾರೇಜಿಗೆ ಈ ಫೋನ್ ಗ್ಯಾರಂಟಿ: "ವೈಪರ್ ಮೋಟಾರ್ ಸುಟ್ಟಿದೆ, ಹೊಸದು ತಂದಿದ್ದೀನಿ. ಮನೇಲೇ ಹಾಕ್ಬಹುದಾ?" ಖಂಡಿತ ಹಾಕಬಹುದು. ಸ್ಪ್ಯಾನರ್ ಹಿಡಿದು ಅಭ್ಯಾಸ ಇರುವವರಿಗೆ ಅದು ಕಷ್ಟದ ಕೆಲಸವಲ್ಲ. ಆದರೆ ಹಳೆಯದು ಯಾಕೆ ಹೋಯ್ತು ಅಂತ ಯಾರೂ ಕೇಳುವುದಿಲ್ಲ. ನನಗೆ ಬೇಜಾರಾಗುವುದು ಅಲ್ಲೇ.

ಮೊದಲು ಸದ್ದು ಕೇಳಿ. ಸ್ವಿಚ್ ಹಾಕಿದಾಗ ಮೋಟಾರ್ ಗುಂಯ್ ಅನ್ನುತ್ತಿದೆ, ವೈಪರ್ ಮಾತ್ರ ಅಲ್ಲಾಡುತ್ತಿಲ್ಲ ಎಂದರೆ ಹೆಚ್ಚಾಗಿ ಲಿಂಕೇಜಿನ (ಮೋಟಾರಿನ ತಿರುಗಾಟವನ್ನು ವೈಪರಿಗೆ ಮುಟ್ಟಿಸುವ ಸರಳುಗಳು) ಬುಷ್, ಅಂದರೆ ಕೀಲಿನಲ್ಲಿ ಕೂರುವ ಬಳೆ, ಕಳಚಿರುತ್ತದೆ, ಇಲ್ಲವೇ ಬ್ಲೇಡ್ ಹಿಡಿದಿರುವ ಆರ್ಮಿನ ಬುಡದ ನಟ್ ಸಡಿಲಾಗಿರುತ್ತದೆ. ಸದ್ದೇ ಇಲ್ಲದಿದ್ದರೆ ಫ್ಯೂಸ್ ನೋಡಿ. ಅದು ಸರಿ ಇದ್ದರೆ ಮೋಟಾರಿನ ಕಪ್ಲರ್ (ವೈರುಗಳನ್ನು ಸಿಕ್ಕಿಸುವ ಪ್ಲಗ್) ಬಿಚ್ಚಿ, ಸ್ವಿಚ್ ಹಾಕಿ, ಕರೆಂಟ್ ಬರುತ್ತಿದೆಯಾ ಅಂತ ಟೆಸ್ಟ್ ಲ್ಯಾಂಪ್ ಹಿಡಿದು ನೋಡಿ. ಪಿನ್‌ಗಳ ಮೇಲೆ ಹಸಿರು ಕಿಲುಬು ಇದ್ದರೆ ಮೊದಲು ಅದನ್ನು ಉಜ್ಜಿ ತೆಗೆಯಿರಿ. ಕರೆಂಟೂ ಬರುತ್ತಿದೆ, ಅರ್ತೂ ಸರಿ ಇದೆ, ಆದರೂ ತಿರುಗುತ್ತಿಲ್ಲ ಎಂದರೆ ಆಗ ಮೋಟಾರ್ ಬಿಚ್ಚಿ.

ಬ್ಯಾಟರಿಯ ನೆಗೆಟಿವ್ ತೆಗೆದೇ ಕೈ ಹಾಕಿ. ಆಫ್ ಮಾಡಿದಾಗ ಬ್ಲೇಡ್ ಎಲ್ಲಿ ನಿಲ್ಲುತ್ತಿತ್ತೋ ಅಲ್ಲಿ ಗಾಜಿನ ಮೇಲೊಂದು ಟೇಪ್ ಅಂಟಿಸಿ. ಆರ್ಮ್ ಬುಡದಲ್ಲಿ ಬಿಳಿ ಪುಡಿ ಕಟ್ಟಿ ಗಟ್ಟಿ ಹಿಡಿದಿರುತ್ತದೆ. ಸುತ್ತಿಗೆ ಬೇಡ, ಗಾಜು ಹೋಗುತ್ತದೆ. ನಟ್ ತೆಗೆದು, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಸ್ವಲ್ಪ ಹೊತ್ತು ಬಿಟ್ಟು, ಆಚೀಚೆ ಅಲ್ಲಾಡಿಸಿ ಎತ್ತಿ. ಗಾಜಿನ ಕೆಳಗಿನ ಪ್ಲಾಸ್ಟಿಕ್ ಪಟ್ಟಿಯ ಕ್ಲಿಪ್‌ಗಳು ಹಳೇ ಕಾರುಗಳಲ್ಲಿ ಮುಟ್ಟಿದರೆ ಮುರಿಯುತ್ತವೆ, ನಾಲ್ಕಾರು ಮೊದಲೇ ತಂದಿಟ್ಟುಕೊಳ್ಳಿ. ಪಟ್ಟಿಯ ಕೆಳಗೆ ಕೊಳೆತ ಎಲೆಗಳಿದ್ದರೆ ನೀರು ಹೋಗುವ ತೂತು ಮುಚ್ಚಿರಬಹುದು. ಮರದಡಿ ನಿಲ್ಲುವ ಕಾರುಗಳಲ್ಲಿ ಮೋಟಾರ್ ನೀರಲ್ಲಿ ನೆನೆಯುವುದು ಹೀಗೇ.

ಈಗ ಮುಖ್ಯ ವಿಷಯ. ಮೋಟಾರಿನಿಂದ ಲಿಂಕೇಜ್ ಬೇರೆ ಮಾಡಿ, ಅದನ್ನು ಕೈಯಲ್ಲೇ ಆಡಿಸಿ. ಸಲೀಸಾಗಿ ಓಡಾಡಬೇಕು. ಎರಡು ಕೈ ಹಾಕಿ ಎಳೆಯಬೇಕಾದರೆ ಆರ್ಮ್ ಕೂರುವ ಶಾಫ್ಟ್ ತನ್ನ ಗೂಡಿನೊಳಗೆ ತುಕ್ಕು ಹಿಡಿದಿದೆ. ಕರಾವಳಿ, ಮಲೆನಾಡಿನ ಕಾರುಗಳಲ್ಲಿ ಇದು ತುಂಬಾ ಸಾಮಾನ್ಯ. ಆ ಬಿಗಿತವನ್ನು ತಳ್ಳಿ ತಳ್ಳಿ ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಬಿಸಿಯಾಗುತ್ತದೆ, ಕೊನೆಗೆ ಸುಡುತ್ತದೆ. ಲಿಂಕೇಜ್ ಹಾಗೇ ಬಿಟ್ಟು ಹೊಸ ಮೋಟಾರ್ ಹಾಕಿದರೆ ಅದಕ್ಕೂ ಅದೇ ಗತಿ. ಮೇಲಿಂದ ಎಣ್ಣೆ ಬಿಟ್ಟರೆ ಕೆಲವು ದಿನ ಓಡಬಹುದು, ಅಷ್ಟೇ. ನಾನಾದರೆ ಲಿಂಕೇಜನ್ನೇ ಬದಲಿಸುತ್ತೇನೆ.

ಮನೆಯಲ್ಲಿ ಹಾಕುವಾಗ ಎಡವಟ್ಟಾಗುವುದು ವೈಪರಿನ ಪಾರ್ಕಿಂಗ್ ವಿಷಯದಲ್ಲಿ. ನೀವು ಸ್ವಿಚ್ ಆಫ್ ಮಾಡಿದ ಮೇಲೂ ವೈಪರ್ ಕೆಳಗೆ ಬಂದೇ ನಿಲ್ಲುತ್ತದೆ ಅಲ್ವಾ? ಹೆಚ್ಚಿನ ಕಾರುಗಳಲ್ಲಿ ಮೋಟಾರಿನ ಗೇರ್ ಡಬ್ಬಿಯೊಳಗೇ ಒಂದು ಪಾರ್ಕ್ ಸ್ವಿಚ್ ಇರುತ್ತದೆ. ಆ ಜಾಗ ಬರುವ ತನಕ ಅದು ಬೇರೆ ವೈರಿನಿಂದ ಕರೆಂಟ್ ಕೊಡುತ್ತಲೇ ಇರುತ್ತದೆ. ಆದ್ದರಿಂದ ಹೊಸ ಮೋಟಾರಿಗೆ ಕ್ರ್ಯಾಂಕ್ (ಲಿಂಕೇಜನ್ನು ತಳ್ಳುವ ಚಿಕ್ಕ ತೋಳು) ಹಾಕುವ ಮೊದಲು ಕಪ್ಲರ್ ಮತ್ತು ಬ್ಯಾಟರಿ ಜೋಡಿಸಿ, ಒಮ್ಮೆ ಓಡಿಸಿ ಆಫ್ ಮಾಡಿ. ತಾನಾಗಿ ನಿಂತ ಜಾಗವೇ ಪಾರ್ಕ್. ಮತ್ತೆ ಬ್ಯಾಟರಿ ತೆಗೆದು, ಹಳೆಯದು ಪಾರ್ಕಿನಲ್ಲಿ ನಿಂತಾಗ ಕ್ರ್ಯಾಂಕ್ ಯಾವ ಕೋನದಲ್ಲಿರುತ್ತಿತ್ತೋ ಅದೇ ಕೋನದಲ್ಲಿ ಬಿಗಿ ಮಾಡಿ. ಹಳೆಯದು ಪಾರ್ಕಿನಲ್ಲೇ ನಿಂತಿದ್ದರೆ ಬಿಚ್ಚುವ ಮುನ್ನವೇ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡರೆ ಈ ಗೊಂದಲವೇ ಇರುವುದಿಲ್ಲ. ಕೋನ ತಪ್ಪಿದರೆ ಬ್ಲೇಡ್ ಗಾಜಿನ ಪಕ್ಕದ ಚೌಕಟ್ಟಿಗೆ ಹೊಡೆಯುತ್ತದೆ, ಇಲ್ಲವೇ ಗಾಜಿನ ನಡುವೆ ನಿಲ್ಲುತ್ತದೆ.

ಮೋಟಾರ್ ಓಡುವಾಗ ಒಳಗೆ ಬೆರಳು ಖಂಡಿತ ಬೇಡ. ಅದು ನಿಧಾನ ತಿರುಗಿದರೂ ಗೇರಿನಿಂದಾಗಿ ಬಲ ಬಹಳ, ಬೆರಳು ಸಿಕ್ಕಿದರೆ ಬಿಡುವುದಿಲ್ಲ.

ಗುಜರಿಯ ಮೋಟಾರ್ ಹಾಕಬಹುದಾ ಅಂತ ಕೇಳುತ್ತಾರೆ. ಹಾಕಬಹುದು, ಆದರೆ ಅದೇ ಮಾಡೆಲ್, ಅದೇ ಕಪ್ಲರ್ ಇರಬೇಕು. ತರುವ ಮುನ್ನ ಅಂಗಡಿಯಲ್ಲೇ 12 ವೋಲ್ಟ್ ಬ್ಯಾಟರಿ ಕೊಟ್ಟು ಎರಡೂ ಸ್ಪೀಡು ಓಡಿಸಿ ನೋಡಿ. ಒಂದೇ ಸ್ಪೀಡಿನಲ್ಲಿ ಓಡಿದರೆ ಬ್ರಷ್ (ಒಳಗೆ ಕರೆಂಟ್ ದಾಟಿಸುವ ಕಾರ್ಬನ್ ತುಂಡು) ಸವೆದಿರಬಹುದು, ವಾಪಸ್ ಕೊಡಿ.