ಮಾರ್ಚ್ ಮ್ಯಾಡ್‌ನೆಸ್‌ಗೆ ಇನ್ನಷ್ಟು ತಂಡ: ಆ ಸೀಟು ಯಾರಿಗೆ ಸಿಗುತ್ತದೆ?

ಕಾಲೇಜು ಟೂರ್ನಿಗಳಿಗೆ ಡ್ರಾ ಹಾಕುವುದು ನನ್ನ ಕೆಲಸದ ಒಂದು ಭಾಗ. ನಾಕೌಟ್‌ನಲ್ಲಿ 64 ತಂಡಗಳಿದ್ದರೆ ಯಾರಿಗೂ ಬೈ (ಆಡದೆಯೇ ಮುಂದಿನ ಸುತ್ತಿಗೆ ಹೋಗುವ ಅವಕಾಶ) ಕೊಡಬೇಕಿಲ್ಲ. ಆರು ಸುತ್ತು ಮುಗಿದರೆ ಚಾಂಪಿಯನ್ ಸಿಕ್ಕಿಬಿಡುತ್ತದೆ. 65ನೇ ತಂಡ ಬಂದ ಕೂಡಲೇ ಒಂದು ಹೆಚ್ಚುವರಿ ಪಂದ್ಯ ಬೇಕಾಗುತ್ತದೆ. ಅದನ್ನು ಯಾರ ತಲೆಗೆ ಕಟ್ಟುವುದು ಅನ್ನುವುದು ಸಂಘಟಕರಿಗೆ ನಿಜವಾದ ತಲೆನೋವು.

ಮಾರ್ಚ್ ಮ್ಯಾಡ್‌ನೆಸ್ ಎಂದು ಕರೆಯುವ, ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ನಡೆಸುವ ಪುರುಷರ ಬ್ಯಾಸ್ಕೆಟ್‌ಬಾಲ್ ಟೂರ್ನಿ 2011ರಲ್ಲಿ 68 ತಂಡಗಳಿಗೆ ಬಂತು. ಅದನ್ನು 72 ಅಥವಾ 76 ಮಾಡಬೇಕು ಎಂಬ ಮಾತು ಕೆಲವು ವರ್ಷಗಳಿಂದ ಜೋರಾಗಿದೆ. ಅಲ್ಲಿರುವ ನಮ್ಮ ಕನ್ನಡದ ಹುಡುಗರು ಪ್ರತಿ ಮಾರ್ಚ್‌ನಲ್ಲೂ ಆಫೀಸಿನವರ ಜೊತೆ ಬ್ರಾಕೆಟ್ (ಯಾವ ಪಂದ್ಯ ಯಾರು ಗೆಲ್ಲುತ್ತಾರೆ ಎಂಬ ಊಹೆಯ ಪಟ್ಟಿ) ತುಂಬುತ್ತಾರೆ. ಅವರು ನನ್ನನ್ನು ಕೇಳುವುದೂ ಇದನ್ನೇ: 'ಸರ್, ಜಾಸ್ತಿ ತಂಡ ಬಂದರೆ ಒಳ್ಳೆಯದೇ ಅಲ್ವಾ?' ಜಾಸ್ತಿಯಾದ ಸೀಟು ಯಾರ ಕೈಗೆ ಹೋಗುತ್ತದೆ ಅನ್ನುವುದನ್ನು ನೋಡದೆ ನಾನು ಹೂಂ ಅನ್ನಲಾರೆ.

ಹಿಂದೆ ತಂಡಗಳನ್ನು ಹೆಚ್ಚಿಸಿದ್ದು ಸರಿಯಾಗಿಯೇ ಇತ್ತು. 1939ರಲ್ಲಿ ಟೂರ್ನಿ ಶುರುವಾದಾಗ ಇದ್ದದ್ದು 8 ತಂಡ. ಬಹಳ ಕಾಲ ಒಂದು ಕಾನ್ಫರೆನ್ಸ್‌ನಿಂದ (ತಮ್ಮೊಳಗೆ ಲೀಗ್ ಆಡುವ ಕಾಲೇಜುಗಳ ಗುಂಪು) ಒಂದೇ ತಂಡಕ್ಕೆ ಅವಕಾಶ. ಅದರಿಂದ ಆದ ಅನ್ಯಾಯ ಸಣ್ಣದಲ್ಲ. 1971ರಲ್ಲಿ ಯುಎಸ್‌ಸಿ (ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) 24 ಪಂದ್ಯ ಗೆದ್ದು ಎರಡೇ ಎರಡು ಸೋತಿತ್ತು. ಎರಡೂ ಸೋಲು ತನ್ನದೇ ಕಾನ್ಫರೆನ್ಸ್‌ನ ಯುಸಿಎಲ್‌ಎ ಎದುರು. ಅಷ್ಟಕ್ಕೇ ಅದು ಹೊರಗುಳಿಯಿತು. 1974ರಲ್ಲಿ ಮೇರಿಲ್ಯಾಂಡ್‌ಗೂ ಇದೇ ಗತಿ. ತನ್ನ ಕಾನ್ಫರೆನ್ಸ್ ಎಸಿಸಿಯ ಫೈನಲ್‌ನಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ ಎದುರು ಓವರ್‌ಟೈಮ್‌ನಲ್ಲಿ 103-100ರಿಂದ ಸೋತು ಮನೆಗೆ ಹೋಯಿತು. ಗೆದ್ದ ತಂಡ ಮುಂದೆ ಇಡೀ ದೇಶಕ್ಕೇ ಚಾಂಪಿಯನ್ ಆಯಿತು. ಅಂಥ ತಂಡದ ಜೊತೆ ಸರಿಸಮ ಆಡಿದ ಮೇರಿಲ್ಯಾಂಡ್‌ಗೆ ಜಾಗವೇ ಇರಲಿಲ್ಲ. ಮರುವರ್ಷವೇ ಟೂರ್ನಿ 32 ತಂಡಗಳದ್ದಾಯಿತು, ಒಂದು ಕಾನ್ಫರೆನ್ಸ್‌ನಿಂದ ಎರಡನೇ ತಂಡಕ್ಕೂ ಬಾಗಿಲು ತೆರೆಯಿತು. 1985ರಲ್ಲಿ ಸಂಖ್ಯೆ 64 ಮುಟ್ಟಿತು. ಆ ವರ್ಷವೇ 8ನೇ ಸೀಡ್ (ಬಲ ನೋಡಿ ಡ್ರಾದಲ್ಲಿ ಕೊಡುವ ಕ್ರಮಾಂಕ) ವಿಲನೋವಾ ಕಪ್ ಎತ್ತಿತು.

ಆಗ ಹೊರಗೆ ನಿಂತಿದ್ದವು ಕಪ್ ಗೆಲ್ಲಬಲ್ಲ ತಂಡಗಳು. ಈಗ ಹೊರಗೆ ನಿಲ್ಲುತ್ತಿರುವವರು ಯಾರು? ಕಾನ್ಫರೆನ್ಸ್ ಚಾಂಪಿಯನ್‌ಗಳಿಗೆ ನೇರ ಪ್ರವೇಶ, ಉಳಿದವರನ್ನು ಆರಿಸುವುದು ಆಯ್ಕೆ ಸಮಿತಿ. ಅದು ಪ್ರತಿ ವರ್ಷ ಸ್ವಲ್ಪದರಲ್ಲಿ ತಪ್ಪಿಹೋದ ನಾಲ್ಕು ತಂಡಗಳ ಹೆಸರು ಹೇಳುತ್ತದೆ. ಟೂರ್ನಿ 72 ತಂಡಗಳದ್ದಾಗಿದ್ದರೆ ಒಳಗೆ ಬರುತ್ತಿದ್ದವರು ಇವರೇ. 2024ರಲ್ಲಿ ಒಕ್ಲಹೋಮ, ಸೀಟನ್ ಹಾಲ್, ಇಂಡಿಯಾನಾ ಸ್ಟೇಟ್, ಪಿಟ್ಸ್‌ಬರ್ಗ್. 2025ರಲ್ಲಿ ವೆಸ್ಟ್ ವರ್ಜಿನಿಯಾ, ಇಂಡಿಯಾನಾ, ಒಹಾಯೊ ಸ್ಟೇಟ್, ಬಾಯ್ಸಿ ಸ್ಟೇಟ್. ಎಂಟರಲ್ಲಿ ಆರು ದೊಡ್ಡ ಕಾನ್ಫರೆನ್ಸ್‌ನವು. ಒಹಾಯೊ ಸ್ಟೇಟ್ ಆ ಸೀಸನ್‌ನಲ್ಲಿ ಗೆದ್ದದ್ದು 17, ಸೋತದ್ದು 15. ಅದೇ 2025ರಲ್ಲಿ ಎಸ್‌ಇಸಿ ಎಂಬ ಒಂದೇ ಕಾನ್ಫರೆನ್ಸ್‌ನ 16 ತಂಡಗಳಲ್ಲಿ 14 ತಂಡ ಟೂರ್ನಿಗೆ ಬಂದಿದ್ದವು. ಇವರಿಗೆ ಅವಕಾಶ ಕಡಿಮೆಯಾಯಿತು ಎಂದು ಹೇಗೆ ಒಪ್ಪುವುದು?

ಇಂಡಿಯಾನಾ ಸ್ಟೇಟ್ ವಿಷಯ ಬೇರೆ. 28 ಗೆಲುವು, 6 ಸೋಲು. ಸಮಿತಿ ತಾನೇ ಬಳಸುವ ನೆಟ್ ರ‍್ಯಾಂಕಿಂಗ್‌ನಲ್ಲೂ 30ರ ಒಳಗಿತ್ತು. ಮಿಸೌರಿ ವ್ಯಾಲಿ ಕಾನ್ಫರೆನ್ಸ್‌ನ ಫೈನಲ್‌ನಲ್ಲಿ ಡ್ರೇಕ್‌ಗೆ ಸೋತ ಒಂದೇ ಕಾರಣಕ್ಕೆ ನೇರ ಪ್ರವೇಶ ತಪ್ಪಿತು. ದೊಡ್ಡ ತಂಡಗಳು ಇಂಥವರನ್ನು ತಮ್ಮ ಅಂಗಳಕ್ಕೆ ಕರೆದು ಆಡುವುದೇ ಕಡಿಮೆ. ಸೋತರೆ ನಷ್ಟ, ಗೆದ್ದರೆ ದೊಡ್ಡ ಲಾಭವಿಲ್ಲ. ಹಾಗಾಗಿ ಸಣ್ಣವರಿಗೆ ಬಲಿಷ್ಠ ಎದುರಾಳಿಯೇ ಸಿಗುವುದಿಲ್ಲ, ಕೊನೆಗೆ ಸಮಿತಿ ಅದನ್ನೇ ಅವರ ಕೊರತೆ ಎಂದು ಎಣಿಸುತ್ತದೆ. ಇದು ನನಗೆ ತುಂಬಾ ನೋವು ಕೊಡುವ ಸಂಗತಿ. ಇಂಡಿಯಾನಾ ಸ್ಟೇಟ್, ಇಲ್ಲಿ ಜಾಗ ಸಿಗದ ತಂಡಗಳು ಆಡುವ ಎನ್‌ಐಟಿ ಟೂರ್ನಿಯಲ್ಲಿ ಫೈನಲ್‌ವರೆಗೂ ಹೋಯಿತು. ಆಮೇಲೆ ಕೋಚ್ ಜಾಷ್ ಷರ್ಟ್ಸ್ ಸೇಂಟ್ ಲೂಯಿಸ್‌ಗೆ ಹೋದರು. ಮುಖ್ಯ ಆಟಗಾರ ರಾಬಿ ಅವಿಲಾ ಕೂಡ ಅಲ್ಲಿಗೇ ಹೋದ. ಅಂಥ ತಂಡವನ್ನು ಮತ್ತೆ ಕಟ್ಟುವುದು ಸಣ್ಣ ಕಾಲೇಜಿಗೆ ಸುಲಭವಲ್ಲ.

ಹೆಚ್ಚಿಸಬೇಕು ಅನ್ನುವವರ ಕೈಯಲ್ಲಿ ಒಂದು ಗಟ್ಟಿ ಉದಾಹರಣೆ ಇದೆ, ಅದನ್ನು ನಾನು ಗೌರವಿಸುತ್ತೇನೆ. 2011ರಲ್ಲಿ ಹೊಸದಾಗಿ ಸೇರಿಸಿದ ಸೀಟಿನಿಂದ ಒಳಬಂದ ವಿಸಿಯು (ವರ್ಜಿನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾಲಯ), ಡೇಟನ್ ಊರಿನಲ್ಲಿ ನಡೆಯುವ ಹೆಚ್ಚುವರಿ ಸುತ್ತಿನಿಂದ ಹಿಡಿದು ಕ್ಯಾನ್ಸಾಸ್‌ನಂಥ ತಂಡವನ್ನೂ ಸೋಲಿಸಿ ಫೈನಲ್ ಫೋರ್ (ಸೆಮಿಫೈನಲ್) ತಲುಪಿತು. 2021ರಲ್ಲಿ ಯುಸಿಎಲ್‌ಎ ಕೂಡ ಆ ಸುತ್ತಿನಿಂದಲೇ ಅಷ್ಟು ದೂರ ಬಂತು. ಕೊನೆಯಲ್ಲಿ ಸೇರಿದ ತಂಡ ಕಳಪೆ ಎಂದು ಯಾರೂ ಹೇಳಬಾರದು.

ಈಗ ಹೆಚ್ಚುವರಿ ಪಂದ್ಯಕ್ಕೆ ಬರೋಣ. 68 ತಂಡಗಳೆಂದರೆ ನಾಲ್ಕು ಹೆಚ್ಚುವರಿ ಪಂದ್ಯ. ಎಂಟು ತಂಡಗಳು ಮಂಗಳವಾರ, ಬುಧವಾರ ಒಹಾಯೊದ ಡೇಟನ್‌ನಲ್ಲಿ ಆಡುತ್ತವೆ. ಇವುಗಳಲ್ಲಿ ನಾಲ್ಕು ತಂಡ ತಮ್ಮ ಕಾನ್ಫರೆನ್ಸ್ ಗೆದ್ದು ಬಂದ ಚಾಂಪಿಯನ್‌ಗಳು. ಹಬ್ಬಕ್ಕೆ ಕರೆದು ಬಾಗಿಲಲ್ಲೇ ನಿಲ್ಲಿಸಿದ ಹಾಗೆ. 76 ಮಾಡಿದರೆ ಹೆಚ್ಚುವರಿ ಪಂದ್ಯ 12, ಆಡುವ ತಂಡ 24. ಡೇಟನ್‌ಗೆ ಹೋಗಿ ಬರುವ ಚಾಂಪಿಯನ್‌ಗಳೂ ಜಾಸ್ತಿಯಾಗುವ ಭಯವಿದೆ.

ಅಲ್ಲಿ ಗೆದ್ದವರ ಪಾಡನ್ನೂ ನೋಡಬೇಕು. ರಾತ್ರಿ ಪಂದ್ಯ ಮುಗಿಸಿ, ವಿಮಾನ ಹತ್ತಿ, ಒಂದು ದಿನದ ಬಿಡುವಿನಲ್ಲಿ ಬಲಿಷ್ಠ ತಂಡದ ಎದುರು ನಿಲ್ಲಬೇಕು. ಎದುರಾಳಿಯ ವಿಡಿಯೊ ನೋಡಲೂ ಪೂರ್ತಿ ಸಮಯವಿಲ್ಲ. 2023ರಲ್ಲಿ ಫೇರ್‌ಲಿ ಡಿಕಿನ್ಸನ್ ಬುಧವಾರ ಡೇಟನ್‌ನಲ್ಲಿ ಗೆದ್ದು, ಶುಕ್ರವಾರ 1ನೇ ಸೀಡ್ ಪರ್ಡ್ಯೂವನ್ನು 63-58ರಿಂದ ಸೋಲಿಸಿತು. ಅದು ಅದ್ಭುತ ಸಾಧನೆ. ಆ ಪಂದ್ಯ ನಡೆದ ಕೊಲಂಬಸ್ ಡೇಟನ್‌ನಿಂದ ಬಸ್ಸಿನಲ್ಲಿ ಹೋಗುವಷ್ಟು ಹತ್ತಿರ ಅನ್ನುವುದನ್ನೂ ಜೊತೆಗೇ ಹೇಳಬೇಕು. ಎಲ್ಲರಿಗೂ ಹಾಗೆ ಕೂಡಿಬರುವುದಿಲ್ಲ.

ಡೇಟನ್ ಸುತ್ತು ಸಣ್ಣವರಿಗೂ ಲಾಭ ಎಂಬ ವಾದ ಸುಮ್ನೆ ಹುಟ್ಟಿದ್ದಲ್ಲ. ಟೂರ್ನಿಯಲ್ಲಿ ಆಡಿದ ಪ್ರತಿ ಪಂದ್ಯಕ್ಕೂ, ಫೈನಲ್ ಒಂದು ಬಿಟ್ಟು, ಕಾನ್ಫರೆನ್ಸ್‌ಗೆ ಒಂದು 'ಯೂನಿಟ್' ಸಿಗುತ್ತದೆ. ಒಂದು ಯೂನಿಟ್ ಆರು ವರ್ಷಗಳಲ್ಲಿ ಸುಮಾರು 20 ಲಕ್ಷ ಡಾಲರ್ ತರುತ್ತದೆ. ಡೇಟನ್‌ನಲ್ಲಿ ಗೆದ್ದವರು ಮುಂದಿನ ಪಂದ್ಯ ಆಡುವುದರಿಂದ ಇನ್ನೊಂದು ಯೂನಿಟ್ ಖಚಿತ. ಸಣ್ಣ ಕಾನ್ಫರೆನ್ಸ್‌ಗೆ ಅದು ಭಾರೀ ಹಣ. ಆದರೆ ಹಣವನ್ನು ನಿಯಮ ಬದಲಿಸಿಯೂ ಕೊಡಬಹುದು. ಗುರುವಾರ ಅಥವಾ ಶುಕ್ರವಾರ ಇಡೀ ದೇಶ ನೋಡುತ್ತಿರುವಾಗ ಅಂಗಳಕ್ಕಿಳಿಯುವ ಅವಕಾಶವನ್ನು ಬೇರೆ ರೀತಿಯಲ್ಲಿ ಕೊಡಲಾಗದು. ಎಷ್ಟೋ ಹುಡುಗರಿಗೆ ಬದುಕಿನಲ್ಲಿ ಅದು ಒಂದೇ ಸಲ ಬರುತ್ತದೆ.

ಹಾಗಾಗಿ ನನ್ನ ಅಭಿಪ್ರಾಯ ಸ್ಪಷ್ಟ. 68 ಸಾಕು. ಹೆಚ್ಚಿಸಲೇಬೇಕು ಅಂದರೆ ಎರಡು ಷರತ್ತು. ಹೊಸ ಸೀಟುಗಳಲ್ಲಿ ಅರ್ಧವಾದರೂ ಸಣ್ಣ ಕಾನ್ಫರೆನ್ಸ್‌ಗಳ ಲೀಗ್ ಹಂತದಲ್ಲಿ ಮೊದಲ ಸ್ಥಾನ ಪಡೆದು, ಕೊನೆಯ ವಾರದ ಟೂರ್ನಿಯಲ್ಲಿ ಎಡವಿದ ತಂಡಗಳಿಗೆ ಮೀಸಲಾಗಲಿ. ಎರಡನೆಯದು, ಕಾನ್ಫರೆನ್ಸ್ ಚಾಂಪಿಯನ್‌ಗಳೆಲ್ಲ ನೇರವಾಗಿ 64ರ ಸುತ್ತಿಗೆ ಹೋಗಲಿ. ಹೆಚ್ಚುವರಿ ಪಂದ್ಯಗಳನ್ನು ಸಮಿತಿಯ ಆಯ್ಕೆಯಿಂದ ಬಂದವರೇ ಆಡಲಿ. ಲೆಕ್ಕವೂ ಸರಿಹೋಗುತ್ತದೆ. 2025ರಂತೆ 31 ಚಾಂಪಿಯನ್‌ಗಳು ಇದ್ದಾರೆಂದು ಇಟ್ಟುಕೊಳ್ಳಿ. 76 ತಂಡಗಳಾದರೆ ಆಯ್ಕೆಯಾದವರು 45. ಅವರಲ್ಲಿ ಕೊನೆಯ 24 ತಂಡ ತಮ್ಮೊಳಗೆ ಆಡಿ 12 ಉಳಿಯುತ್ತವೆ. 31, 21, 12 ಕೂಡಿಸಿದರೆ 64. ಈಗಿನ 68ರಲ್ಲೂ ಇದೇ ಕ್ರಮ ತರಬಹುದು. ಕೊನೆಯದಾಗಿ ಆಯ್ಕೆಯಾದ ಎಂಟು ತಂಡಗಳನ್ನು ಡೇಟನ್‌ಗೆ ಕಳಿಸಿದರೆ ಆಯಿತು, ಒಂದು ಪಂದ್ಯವನ್ನೂ ಹೊಸದಾಗಿ ಸೇರಿಸಬೇಕಿಲ್ಲ.