ಗ್ಲುಕೋಮೀಟರಿಗೆ ಕಾಣದ ಅರ್ಧ ಸಕ್ಕರೆ

"ಇದು ಬೆಲ್ಲದ್ದು, ಶುಗರ್ ಇರೋರೂ ತಿನ್ನಬಹುದು, ಏನೂ ಆಗಲ್ಲ." ಮದುವೆ ಪಂಕ್ತಿಯಲ್ಲಿ ಹೋಳಿಗೆ ಬಡಿಸುವವರ ಬಾಯಲ್ಲಿ ಈ ಮಾತು ಬಂದೇ ಬರುತ್ತದೆ. ಪಕ್ಕದ ಎಲೆಯವರು ಇನ್ನೊಂದು ಸೇರಿಸುತ್ತಾರೆ: "ನಾನಂತೂ ಸಕ್ಕರೆ ಬಿಟ್ಟು ಜೇನಿಗೆ ಬಂದ್ಬಿಟ್ಟೆ. ಮನೇಲೇ ಮಿಷನ್ನಲ್ಲಿ ನೋಡ್ಕೋತೀನಿ, ಅಂಥಾದ್ದೇನೂ ಏರಿಲ್ಲ." ಮೊದಲನೇ ಮಾತು ತಪ್ಪು. ಎರಡನೆಯದು ನನಗೆ ಹೆಚ್ಚು ಕುತೂಹಲದ್ದು. ಯಾಕೆಂದರೆ ಮಿಷನ್ ತೋರಿಸಿದ ಅಂಕಿ ನಿಜವೇ. ಆದರೆ ಅವರು ತಿಂದ ಸಿಹಿಯಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಮಾತ್ರ ಅದು ನೋಡಿದೆ.

ಮೊದಲು ಬೆಲ್ಲದ ಮಾತು ಮುಗಿಸಿಬಿಡೋಣ. ಮಂಡ್ಯದಲ್ಲಿ 1933ರಲ್ಲಿ ಸಕ್ಕರೆ ಕಂಪನಿ ಹುಟ್ಟಿತು. ಅದರ ಹಿಂದೆ ಕೃಷ್ಣರಾಜಸಾಗರದ ನೀರಿತ್ತು. ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ದುಡಿಮೆಯೂ ಇತ್ತು. ಅಂದಿನಿಂದ ಆ ಸೀಮೆಯ ಕಬ್ಬಿಗೆ ಎರಡು ದಾರಿ. ಒಂದು ಕಾರ್ಖಾನೆಗೆ, ಇನ್ನೊಂದು ಆಲೆಮನೆಗೆ. ಗದ್ದೆ ಒಂದೇ, ಕಬ್ಬು ಒಂದೇ, ಒಳಗಿನ ಸಿಹಿಯೂ ಒಂದೇ. ಅದರ ಹೆಸರು ಸುಕ್ರೋಸ್.

ಆಲೆಮನೆಯಲ್ಲಿ ನಿಂತರೆ ಇದು ಕಣ್ಣಿಗೇ ಕಾಣುತ್ತದೆ. ಗಾಣದಿಂದ ಇಳಿದ ಕಬ್ಬಿನ ಹಾಲು ಅಗಲವಾದ ಕೊಪ್ಪರಿಗೆಗೆ ಬೀಳುತ್ತದೆ. ಕೆಳಗೆ ಒಣಗಿದ ಕಬ್ಬಿನ ಸಿಪ್ಪೆಯದೇ ಉರಿ. ಒಂದಿಷ್ಟು ಸುಣ್ಣ, ಜಜ್ಜಿದ ಬೆಂಡೆ ಗಿಡದ ಲೋಳೆ ಹಾಕುತ್ತಾರೆ. ಮಣ್ಣುಬಣ್ಣದ ನೊರೆ ಉಕ್ಕಿ ಬರುತ್ತದೆ, ಅದನ್ನು ತೆಗೆದು ಚೆಲ್ಲುತ್ತಾರೆ. ಪಾಕದ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಮಾಡಿ ನೋಡುತ್ತಾರೆ. ಹದ ಬಂತು ಅಂದರೆ ಅಚ್ಚಿಗೆ. ಇಷ್ಟರಲ್ಲಿ ನೀರು ಆವಿಯಾಯಿತು, ಕೊಳೆ ಹೋಯಿತು. ಸುಕ್ರೋಸ್ ಬಹುಪಾಲು ಇದ್ದ ಹಾಗೇ ಉಳಿಯಿತು. ಕೆಲವು ಕಡೆ ಬಣ್ಣ ತಿಳಿಯಾಗಲಿ ಅಂತ ಹೈಡ್ರೋಸ್ ಎಂಬ ಬಿಳಿ ಪುಡಿಯನ್ನೂ ಸುರಿಯುತ್ತಾರೆ. ಅದು ಗಂಧಕ ಇರುವ ರಾಸಾಯನಿಕ. "ಸಕ್ಕರೆಗೆ ಗಂಧಕ ಹಾಕ್ತಾರೆ, ಅದಕ್ಕೇ ಬೆಲ್ಲ ತಿನ್ನೋದು" ಎನ್ನುವವರೇ ಅಂಗಡಿಯಲ್ಲಿ ಹಳದಿ ಬೆಲ್ಲ ಆರಿಸಿ ತರುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಅಂಗಡಿ ಸಕ್ಕರೆ ಹತ್ತಿರಹತ್ತಿರ ಪೂರ್ತಿ ಸುಕ್ರೋಸ್. ಬೆಲ್ಲದಲ್ಲಿ ನೂರಕ್ಕೆ 65ರಿಂದ 85ರಷ್ಟು ಸುಕ್ರೋಸ್, ಜೊತೆಗೆ ಆಗಲೇ ಒಡೆದುಹೋದ ಸ್ವಲ್ಪ ಸಕ್ಕರೆ, ನೀರು, ಒಂದಿಷ್ಟು ಖನಿಜ. ಕಬ್ಬಿಣದ ಅಂಶ ಇದೆ ಅನ್ನುತ್ತಾರೆ, ನಿಜ. ಆದರೆ 100 ಗ್ರಾಂ ಬೆಲ್ಲದಲ್ಲಿ ಇರುವುದು ಕೆಲವೇ ಮಿಲಿಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕದಲ್ಲಿ ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕು. ಬೆಲ್ಲವೊಂದರಿಂದಲೇ ಇದನ್ನು ತುಂಬಲು ಹೊರಟರೆ ನೂರಾರು ಗ್ರಾಂ ತಿನ್ನಬೇಕು. ರಕ್ತ ಕಡಿಮೆ ಇರುವ ಹುಡುಗಿಗೆ ಕಬ್ಬಿಣದ ಮಾತ್ರೆ ಕೊಡಿಸುವ ಬದಲು ಬೆಲ್ಲ ತಿನ್ನಿಸಿ ತಿಂಗಳುಗಟ್ಟಲೆ ಕಾಯುವುದು ಬೆಲ್ಲದಲ್ಲಿ ಕಬ್ಬಿಣ ಇದೆ ಎಂಬ ಈ ನಂಬಿಕೆಯಿಂದಲೇ. ರುಚಿಗೆ ಬೆಲ್ಲ ಬೇಕು, ನನಗೂ ಬೇಕು. ಔಷಧಿ ಅಂತ ಬೇಡ. ಇನ್ನು "ದೇಹಕ್ಕೆ ತಂಪು" ಅನ್ನುವ ಕಲ್ಲುಸಕ್ಕರೆಯೂ ನಿಧಾನವಾಗಿ ಹರಳುಗಟ್ಟಿಸಿದ ಅದೇ ಸುಕ್ರೋಸ್.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಸುಕ್ರೋಸ್ ಅಂದರೆ ಎರಡು ಸಣ್ಣ ಸಕ್ಕರೆಗಳ ಜೋಡಿ. ಒಂದು ಗ್ಲುಕೋಸ್, ಇನ್ನೊಂದು ಫ್ರಕ್ಟೋಸ್. ಫ್ರಕ್ಟೋಸನ್ನು 1847ರಲ್ಲಿ ಗುರುತಿಸಿದವನು ದ್ಯುಬ್ರುನ್‌ಫೋ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ. ಮುಂದೆ ಜರ್ಮನಿಯ ಎಮಿಲ್ ಫಿಷರ್ ಈ ಸಕ್ಕರೆಗಳ ರಚನೆಯನ್ನು ಒಂದೊಂದಾಗಿ ಬಿಡಿಸಿಟ್ಟ. 1902ರಲ್ಲಿ ಅವನಿಗೆ ನೊಬೆಲ್ ಬಂತು. ಗ್ಲುಕೋಸಿನಲ್ಲೂ ಫ್ರಕ್ಟೋಸಿನಲ್ಲೂ ಆರು ಇಂಗಾಲ, ಹನ್ನೆರಡು ಜಲಜನಕ, ಆರು ಆಮ್ಲಜನಕ. ಲೆಕ್ಕ ಒಂದೇ, ಜೋಡಣೆ ಬೇರೆ. ಆ ಒಂದು ವ್ಯತ್ಯಾಸಕ್ಕೆ ದೇಹ ಇವೆರಡನ್ನೂ ಬೇರೆ ಬೇರೆ ಬಾಗಿಲಿಂದ ಒಳಗೆ ಬಿಡುತ್ತದೆ!

ಸಣ್ಣ ಕರುಳಿನ ಗೋಡೆಯಲ್ಲಿ ಸುಕ್ರೇಸ್ ಎಂಬ ಕಿಣ್ವ ಈ ಜೋಡಿಯನ್ನು ಕತ್ತರಿಸುತ್ತದೆ. ಬೆಲ್ಲದ್ದೋ ಸಕ್ಕರೆಯದೋ ಅಂತ ಅದು ಕೇಳುವುದಿಲ್ಲ. ಅಲ್ಲಿಂದ ಗ್ಲುಕೋಸ್ ರಕ್ತಕ್ಕೆ ಸೇರುತ್ತದೆ, ಇನ್ಸುಲಿನ್ ಬರುತ್ತದೆ. ಮೆದುಳು, ಸ್ನಾಯು, ಹೃದಯ, ಎಲ್ಲವೂ ಇದನ್ನು ಬಳಸುತ್ತವೆ. ಆರೋಗ್ಯವಂತ ದೊಡ್ಡವರ ಇಡೀ ರಕ್ತದಲ್ಲಿ ಯಾವುದೇ ಹೊತ್ತಿಗೆ ಇರುವ ಗ್ಲುಕೋಸ್ ಸುಮಾರು 4ರಿಂದ 5 ಗ್ರಾಂ. ಅಂದರೆ ಒಂದು ಟೀ ಚಮಚ, ಅಷ್ಟೇ. ಒಂದು 300 ಮಿಲಿಲೀಟರ್ ತಂಪು ಪಾನೀಯದಲ್ಲಿ 30 ಗ್ರಾಂ ದಾಟಿ ಸಕ್ಕರೆ ಇರುತ್ತದೆ. ಅಷ್ಟನ್ನೂ ಸಂಭಾಳಿಸಿ ರಕ್ತದಲ್ಲಿ ಆ ಒಂದು ಚಮಚದ ಆಸುಪಾಸಿನಲ್ಲೇ ಇಟ್ಟುಕೊಳ್ಳುವುದು ದೇಹದ ಕೆಲಸ.

ಗ್ಲುಕೋಸ್ ಅಂದ ಮೇಲೆ ಒಂದು ಚರಿತ್ರೆ ಹೇಳದೆ ಮುಂದೆ ಹೋಗಲಾರೆ. "ಸಕ್ಕರೆ ಬಿಳಿ ವಿಷ" ಎಂದು ಬರೆಯುವವರು ಇದನ್ನು ಓದಲೇಬೇಕು. ಕರುಳಿನಲ್ಲಿ ಗ್ಲುಕೋಸ್ ಒಂಟಿಯಾಗಿ ಒಳಗೆ ಹೋಗುವುದಿಲ್ಲ, ಉಪ್ಪಿನ ಸೋಡಿಯಂ ಜೊತೆ ಹೋಗುತ್ತದೆ. 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಇದನ್ನು ಪ್ರಾಗ್ ನಗರದ ಒಂದು ಸಭೆಯಲ್ಲಿ ವಿವರಿಸಿದ. ಇವೆರಡೂ ಹೋದ ಕಡೆ ನೀರೂ ಹಿಂದೆ ಹೋಗುತ್ತದೆ. ಕಾಲರಾದಲ್ಲಿ ಕರುಳು ಎಷ್ಟೇ ನೀರು ಸುರಿಸುತ್ತಿದ್ದರೂ ಈ ಬಾಗಿಲು ಮಾತ್ರ ಕೆಲಸ ಮಾಡುತ್ತಲೇ ಇರುತ್ತದೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್‌ಗೆ ಬಂದು ತುಂಬಿದಾಗ ಕಾಲರಾ ಹಬ್ಬಿತು. ಡ್ರಿಪ್ ಬಾಟಲಿ ಸಾಲಲಿಲ್ಲ. ಡಾ. ದಿಲೀಪ್ ಮಹಾಲನಬಿಸ್ ಅವರು ಗ್ಲುಕೋಸ್ ಮತ್ತು ಉಪ್ಪು ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಟ್ಟು ಕುಡಿಸಿದರು. ರೋಗಿಗಳ ಮನೆಯವರ ಕೈಗೇ ಲೋಟ ಕೊಟ್ಟರು. ಶೇಕಡಾ 30ರ ಹತ್ತಿರ ಇದ್ದ ಸಾವು ಶೇಕಡಾ 4ಕ್ಕಿಂತ ಕೆಳಗೆ ಬಂತು. ಇವತ್ತು ಮೆಡಿಕಲ್ ಶಾಪಿನಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣದ ಕಥೆ ಇದೇ. ಭೇದಿಯಾದ ಮಗುವಿಗೆ ಮನೆಯಲ್ಲೇ ಮಾಡುವುದಾದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ತಪ್ಪಿಸಬಾರದು.

ಇನ್ನು ಫ್ರಕ್ಟೋಸ್. ಇದರ ಬಾಗಿಲು ಬೇರೆ ಅಂದೆನಲ್ಲ, ಒಳಗೆ ಹೋದ ಮೇಲಿನ ದಾರಿಯೂ ಬೇರೆ. ಸ್ವಲ್ಪಸ್ವಲ್ಪವಾಗಿ ಬಂದರೆ ಕರುಳೇ ಅದನ್ನು ನಿಭಾಯಿಸುತ್ತದೆ ಎಂದು 2018ರಲ್ಲಿ ಪ್ರಿನ್ಸ್‌ಟನ್ನಿನ ವಿಜ್ಞಾನಿಗಳು ಇಲಿಗಳಲ್ಲಿ ತೋರಿಸಿದರು. ಒಟ್ಟಿಗೆ ಜಾಸ್ತಿ ಬಂದರೆ ಅದು ನೇರ ಲಿವರಿಗೆ ಹೋಗುತ್ತದೆ. ದೇಹದ ಉಳಿದ ಭಾಗಕ್ಕೆ ತಲುಪುವುದು ತೀರಾ ಕಡಿಮೆ.

ಲಿವರಿನಲ್ಲಿ ಏನಾಗುತ್ತದೆ ಎಂಬುದು ನನಗೆ ಇಡೀ ಕಥೆಯಲ್ಲಿ ಅತಿ ಇಷ್ಟದ ಭಾಗ. ನಾಲೆ ನೀರಿನಲ್ಲಿ ಬೇಸಾಯ ಮಾಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ನಾಲೆಗೆ ಒಂದು ತೂಬು, ತೂಬಿಗೊಬ್ಬ ನೀರಗಂಟಿ. ಗದ್ದೆ ತುಂಬಿತು ಅಂದರೆ ಅವನು ತೂಬು ಇಳಿಸುತ್ತಾನೆ. ಗ್ಲುಕೋಸನ್ನು ಒಡೆಯುವ ದಾರಿಯ ಮೂರನೇ ಹೆಜ್ಜೆಯಲ್ಲಿ ಇಂಥ ಒಬ್ಬ ನೀರಗಂಟಿ ಇದ್ದಾನೆ. ಫಾಸ್ಫೋಫ್ರಕ್ಟೋಕೈನೇಸ್ ಎಂಬ ಕಿಣ್ವ ಅದು. ಜೀವಕೋಶದಲ್ಲಿ ಶಕ್ತಿಯ ನಾಣ್ಯವಾದ ಎಟಿಪಿ ಸಾಕಷ್ಟಿದ್ದರೆ ಈ ಕಿಣ್ವ ನಿಧಾನವಾಗುತ್ತದೆ. ಗ್ಲುಕೋಸ್ ಹಿಂದೆಯೇ ನಿಲ್ಲುತ್ತದೆ, ಗ್ಲೈಕೋಜನ್ ಎಂಬ ದಾಸ್ತಾನಾಗಿ ಕೂಡಿಕೊಳ್ಳುತ್ತದೆ. ಫ್ರಕ್ಟೋಸ್ ಮಾತ್ರ ಈ ತೂಬಿಗೆ ಬರುವುದೇ ಇಲ್ಲ. ಫ್ರಕ್ಟೋಕೈನೇಸ್ ಎಂಬ ಬೇರೆ ಕಿಣ್ವ ಅದನ್ನು ಹಿಡಿದು, ಮತ್ತೊಂದು ಕಿಣ್ವ ಎರಡು ತುಂಡು ಮಾಡಿ, ತೂಬಿನ ಕೆಳಗಡೆ ನಾಲೆಗೆ ಇಳಿಸಿಬಿಡುತ್ತದೆ. ಗದ್ದೆ ತುಂಬಿದ್ದರೂ ನೀರು ಬರುತ್ತಲೇ ಇರುತ್ತದೆ, ನೀರಗಂಟಿಗೆ ಸುದ್ದಿಯೇ ಇಲ್ಲ. ಹೀಗೆ ಬಂದದ್ದರಲ್ಲಿ ದೊಡ್ಡ ಪಾಲು ಗ್ಲುಕೋಸ್ ಆಗಿ, ಲ್ಯಾಕ್ಟೇಟ್ ಎಂಬ ಇನ್ನೊಂದು ಇಂಧನವಾಗಿ ಬದಲಾಗುತ್ತದೆ. ಅದಕ್ಕೂ ಮಿಕ್ಕಿ ತುಳುಕಿದ್ದು ಕೊಬ್ಬಾಗುತ್ತದೆ. ಕೆಲವು ಲಿವರಿನಲ್ಲೇ ಕೂರುತ್ತದೆ, ಕೆಲವು ಟ್ರೈಗ್ಲಿಸರೈಡ್ ರೂಪದಲ್ಲಿ ರಕ್ತಕ್ಕೆ ಇಳಿಯುತ್ತದೆ.

ಇನ್ನೊಂದು ತೊಂದರೆಯೂ ಇಲ್ಲೇ ಹುಟ್ಟುತ್ತದೆ. ಫ್ರಕ್ಟೋಕೈನೇಸ್ ಪ್ರತಿಯೊಂದು ಫ್ರಕ್ಟೋಸಿಗೂ ಒಂದೊಂದು ಎಟಿಪಿ ಖರ್ಚು ಮಾಡುತ್ತದೆ, ಸಾಕು ಅಂತ ನಿಲ್ಲಿಸುವುದಿಲ್ಲ. ಒಟ್ಟಿಗೆ ಬಹಳ ಬಂದರೆ ಎಟಿಪಿ ಸವೆದು, ಉಳಿದ ಚೂರುಗಳು ಒಡೆದು ಕೊನೆಗೆ ಯೂರಿಕ್ ಆಮ್ಲವಾಗುತ್ತವೆ. ಕಾಲಿನ ಹೆಬ್ಬೆರಳು ಕೆಂಪಾಗಿ ಊದಿ ರಾತ್ರಿಯೆಲ್ಲಾ ನಿದ್ದೆಗೆಡಿಸುವ ಗೌಟ್ ನೋವಿಗೆ ಕಾರಣ ಇದೇ ಯೂರಿಕ್ ಆಮ್ಲ. ಬೇಳೆ ಬಿಟ್ಟು, ಮಾಂಸ ಬಿಟ್ಟು, ದಿನಾ ಎರಡು ಲೋಟ ಹಣ್ಣಿನ ಜ್ಯೂಸ್ ಕುಡಿಯುವವರನ್ನು ನಾನು ಕಂಡಿದ್ದೇನೆ. ಅವರಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಇದೆಲ್ಲ ಬರೀ ಊಹೆಯೂ ಅಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನಲ್ಲಿ ಕಿಂಬರ್ ಸ್ಟ್ಯಾನ್‌ಹೋಪ್ ಮತ್ತು ಸಂಗಡಿಗರು 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತೂಕ ಜಾಸ್ತಿ ಇದ್ದವರನ್ನು ಎರಡು ಗುಂಪು ಮಾಡಿ, ಹತ್ತು ವಾರ, ದಿನದ ಶಕ್ತಿಯ ಶೇಕಡಾ 25ರಷ್ಟನ್ನು ಒಬ್ಬರಿಗೆ ಗ್ಲುಕೋಸ್ ಪಾನೀಯದಿಂದ, ಇನ್ನೊಬ್ಬರಿಗೆ ಫ್ರಕ್ಟೋಸ್ ಪಾನೀಯದಿಂದ ಕೊಟ್ಟರು. ತೂಕ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಸಮ ಏರಿತು. ಹೊಟ್ಟೆಯೊಳಗೆ ಅಂಗಾಂಗಗಳ ಸುತ್ತ ಕೂರುವ ಕೊಬ್ಬು ಮಾತ್ರ ಫ್ರಕ್ಟೋಸ್ ಗುಂಪಿನಲ್ಲಿ ಸ್ಪಷ್ಟವಾಗಿ ಹೆಚ್ಚಿತು. ಇನ್ಸುಲಿನ್ನಿಗೆ ದೇಹ ಸ್ಪಂದಿಸುವುದೂ ಅವರಲ್ಲೇ ಕುಗ್ಗಿತು. ಪ್ರಮಾಣ ದೊಡ್ಡದು, ಒಪ್ಪುತ್ತೇನೆ. ಒಂದು ಚಮಚ ಜೇನಿಗೆ ಹೀಗಾಗುವುದಿಲ್ಲ.

ಈಗ ಪಕ್ಕದ ಎಲೆಯವರ ಮಿಷನ್ನಿಗೆ ಬರೋಣ. ಬೆರಳಿನ ರಕ್ತ ತಾಗಿಸುವ ಆ ಪುಟ್ಟ ಪಟ್ಟಿಯ ತುದಿಯಲ್ಲಿ ಒಂದು ಕಿಣ್ವ ಒಣಗಿ ಕೂತಿರುತ್ತದೆ. ಬಹಳಷ್ಟು ಪಟ್ಟಿಗಳಲ್ಲಿ ಅದು ಗ್ಲುಕೋಸ್ ಆಕ್ಸಿಡೇಸ್. ಗ್ಲುಕೋಸ್ ಸಿಕ್ಕರೆ ಅದರಿಂದ ಇಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಮಿಷನ್ ಆ ವಿದ್ಯುತ್ತನ್ನು ಅಳೆದು ಅಂಕಿ ತೋರಿಸುತ್ತದೆ. 1962ರಲ್ಲಿ ಲೆಲ್ಯಾಂಡ್ ಕ್ಲಾರ್ಕ್ ಕೊಟ್ಟ ಉಪಾಯದ ಮುಂದುವರಿಕೆ ಇದು. ಈ ಕಿಣ್ವಕ್ಕೆ ಫ್ರಕ್ಟೋಸ್ ಕಾಣುವುದಿಲ್ಲ. ಕಂಡರೂ ಉಪಯೋಗವಿಲ್ಲ, ಅದು ಬಹುಪಾಲು ಲಿವರಿನಲ್ಲೇ ಉಳಿದಿರುತ್ತದೆ.

ಅನ್ನ ಉಂಡರೆ ಪಿಷ್ಟ ಒಡೆದು ಪೂರ್ತಿ ಗ್ಲುಕೋಸ್, ಹಾಗಾಗಿ ಮಿಷನ್ ಅದನ್ನು ಪೂರ್ತಿ ತೋರಿಸುತ್ತದೆ. ಜೇನಿನಲ್ಲಿ ನೂರಕ್ಕೆ ಸುಮಾರು 38 ಫ್ರಕ್ಟೋಸ್, 31 ಗ್ಲುಕೋಸ್. ಅಂಕಿ ಸಹಜವಾಗಿಯೇ ಕಡಿಮೆ. ಡೇವಿಡ್ ಜೆಂಕಿನ್ಸ್ 1981ರಲ್ಲಿ ತಂದ ಗ್ಲೈಸಿಮಿಕ್ ಇಂಡೆಕ್ಸ್, ಅಂದರೆ ತಿಂದದ್ದು ರಕ್ತದ ಗ್ಲುಕೋಸನ್ನು ಎಷ್ಟು ಏರಿಸುತ್ತದೆ ಎಂಬ ಲೆಕ್ಕದಲ್ಲಿ ಗ್ಲುಕೋಸ್ 100, ಸುಕ್ರೋಸ್ 65ರ ಸುತ್ತ, ಫ್ರಕ್ಟೋಸ್ 20ರ ಸುತ್ತ. ಇದನ್ನು ನಂಬಿ ಒಂದು ಕಾಲಕ್ಕೆ ಫ್ರಕ್ಟೋಸನ್ನೇ ಮಧುಮೇಹಿಗಳ ಸಕ್ಕರೆ ಅಂತ ಮಾರಿದ್ದೂ ಉಂಟು! ಗ್ಲೈಸಿಮಿಕ್ ಇಂಡೆಕ್ಸ್ ಒಳ್ಳೆಯ ಅಳತೆಯೇ. ಆದರೆ ಅದು ಅಳೆಯುವುದು ರಕ್ತದ ಗ್ಲುಕೋಸನ್ನು, ಲಿವರಿನ ಹೊರೆಯನ್ನಲ್ಲ. ಆ ಇನ್ನರ್ಧದ ಸುಳಿವು ಬೇಕಿದ್ದರೆ ನೋಡಬೇಕಾದದ್ದು ಲ್ಯಾಬ್ ರಿಪೋರ್ಟಿನಲ್ಲಿ ನಾವು ಕಣ್ಣಾಡಿಸದೆ ಬಿಡುವ ಸಾಲುಗಳು: ಟ್ರೈಗ್ಲಿಸರೈಡ್, ಯೂರಿಕ್ ಆಸಿಡ್, ಲಿವರಿಗೆ ಪೆಟ್ಟಾದಾಗ ಏರುವ ಎಸ್‌ಜಿಪಿಟಿ. ಜೊತೆಗೆ ಸ್ಕ್ಯಾನಿಂಗ್ ವರದಿಯಲ್ಲಿ ಬರುವ ಫ್ಯಾಟಿ ಲಿವರ್. ಇವು ಏರುವುದಕ್ಕೆ ಬೇರೆ ಕಾರಣಗಳೂ ಇರುತ್ತವೆ. ಅದಕ್ಕೇ ಡಾಕ್ಟರ ಹತ್ತಿರ ಕೇಳುವಾಗ ಸಿಹಿ ಎಷ್ಟು ತಿನ್ನುತ್ತೀರಿ, ಜ್ಯೂಸ್ ಎಷ್ಟು ಕುಡಿಯುತ್ತೀರಿ ಅನ್ನುವುದನ್ನೂ ಹೇಳಿಬಿಡಿ.

"ಹಾಗಾದ್ರೆ ಹಣ್ಣೂ ಬಿಡಬೇಕಾ?" ಅಂತ ಕೇಳಿದರೆ, ಬೇಡ. ಮೂಸಂಬಿಯನ್ನು ತೊಳೆ ಬಿಡಿಸಿ ತಿಂದರೆ ಎರಡಕ್ಕೆ ಹೊಟ್ಟೆ ತುಂಬುತ್ತದೆ, ನಾರು ಇರುವುದರಿಂದ ಸಕ್ಕರೆ ನಿಧಾನವಾಗಿ ಇಳಿಯುತ್ತದೆ. ಜ್ಯೂಸ್ ಮಾಡಿದರೆ ಐದಾರು ಹಣ್ಣು ಒಂದೇ ಲೋಟದಲ್ಲಿ ಒಂದೇ ಗುಟುಕಿಗೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಕ್ಕರೆಯ ಮಿತಿ ಹೇಳಿದಾಗ ಇಡೀ ಹಣ್ಣನ್ನೂ ಹಾಲನ್ನೂ ಲೆಕ್ಕದಿಂದ ಹೊರಗಿಟ್ಟಿತು. ಜ್ಯೂಸನ್ನೂ ಜೇನನ್ನೂ ಒಳಗೆ ಸೇರಿಸಿತು. ಮಿತಿ ದಿನಕ್ಕೆ ಸುಮಾರು 50 ಗ್ರಾಂ, ಆದಷ್ಟೂ 25 ಗ್ರಾಮಿನ ಒಳಗೆ. ಕಾಫಿಗೆ ಎರಡೆರಡು ಚಮಚದಂತೆ ದಿನಕ್ಕೆ ಮೂರು ಲೋಟ ಕುಡಿಯುವವರು ಆ 25ನ್ನು ಕಾಫಿಯಲ್ಲೇ ಮುಗಿಸಿರುತ್ತಾರೆ.

ಹಾಲಿನ ಸಕ್ಕರೆ ಲ್ಯಾಕ್ಟೋಸ್. ಅದರಲ್ಲಿ ಫ್ರಕ್ಟೋಸ್ ಇಲ್ಲ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಅದನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಕಡಿಮೆ. ಮೊಸರು, ಮಜ್ಜಿಗೆ ಅವರಿಗೆ ಒಗ್ಗುವುದು ಹೆಪ್ಪಿನ ಬ್ಯಾಕ್ಟೀರಿಯಾ ಸ್ವಲ್ಪ ಲ್ಯಾಕ್ಟೋಸನ್ನು ಮೊದಲೇ ತಿಂದಿರುವುದರಿಂದ.

ಜೇನಿನ ಬಗ್ಗೆ ಒಂದು ಮಾತನ್ನು ಕೈಮುಗಿದು ಹೇಳುತ್ತೇನೆ. ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಸವರುವ ಪದ್ಧತಿ ಬಿಟ್ಟುಬಿಡಿ. ಒಂದು ವರ್ಷದೊಳಗಿನ ಮಕ್ಕಳಿಗೆ ಜೇನು ಕೊಡಲೇಬಾರದು. ಅದರಲ್ಲಿ ಬಾಟುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು. ಎಳೆಯ ಕರುಳಿನಲ್ಲಿ ಅದು ಬೆಳೆದು, ವಿಷ ಬಿಟ್ಟು, ಮಗುವಿನ ಸ್ನಾಯುಗಳನ್ನು ಸಡಿಲ ಮಾಡಿಬಿಡುತ್ತದೆ. ಉಸಿರಾಟಕ್ಕೇ ತೊಂದರೆಯಾಗಬಹುದು. ಎಷ್ಟು ಶುದ್ಧ ಕಾಡುಜೇನಾದರೂ ಇದಕ್ಕೆ ವಿನಾಯಿತಿ ಇಲ್ಲ.

ಯಾವ ಸಕ್ಕರೆ ಅನ್ನುವುದು ಜೀವದ ಪ್ರಶ್ನೆಯಾಗುವ ಇನ್ನೊಂದು ಹೊತ್ತಿದೆ. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿಗೆ ಶುಗರ್ ತೀರಾ ಇಳಿದು, ಬೆವರಿ, ಕೈ ನಡುಗಿ, ಮಾತು ತೊದಲುವ ಹೊತ್ತು ಅದು. ಎಚ್ಚರ ಇದ್ದು ನುಂಗಬಲ್ಲವರಾದರೆ ಸಾಮಾನ್ಯವಾಗಿ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕೊಟ್ಟರೆ ಚೇತರಿಸಿಕೊಳ್ಳುತ್ತಾರೆ. ಆದರೆ ನಮ್ಮಲ್ಲಿ ಬಹಳ ಜನ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಇರುವ ಮಾತ್ರೆಯನ್ನೂ ನುಂಗುತ್ತಾರೆ. ಕರುಳಿನಲ್ಲಿ ಸುಕ್ರೋಸ್ ಕತ್ತರಿಸುವ ಕಿಣ್ವವನ್ನೇ ಅದು ತಡೆಯುತ್ತದೆ. ಅಂಥವರಿಗೆ ಸಕ್ಕರೆ, ಬೆಲ್ಲ, ಲಾಡು ಕೊಟ್ಟರೆ ಆ ಗಳಿಗೆಯಲ್ಲಿ ಬೇಗ ಒಡೆಯುವುದಿಲ್ಲ. ಅವರಿಗೆ ಬೇಕಾದದ್ದು ಶುದ್ಧ ಗ್ಲುಕೋಸ್ ಪುಡಿಯೇ. 15 ಗ್ರಾಂ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ ಮಾಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಮಾತ್ರೆಯ ಹಾಳೆಯ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಇವುಗಳ ಹೆಸರು ಇದೆಯಾ ಅಂತ ಇವತ್ತೇ ನೋಡಿ. ಇದ್ದರೆ ಒಂದು ಗ್ಲುಕೋಸ್ ಪೊಟ್ಟಣವನ್ನು ಅವರು ದಿನಾ ಒಯ್ಯುವ ಚೀಲದಲ್ಲೇ ಇಟ್ಟುಬಿಡಿ.