ಗೋಡೆಯ ಎರಡೂ ಬದಿಗೆ ಅವರೇ

ಕ್ರಿ.ಪೂ. 2030ರ ಆಸುಪಾಸು. ಇಂದಿನ ಇರಾಕಿನಲ್ಲಿದ್ದ ಊರ್ ನಗರದ ದೊರೆ ಶು-ಸಿನ್ ಕುರಿಗಾಹಿ ಅಮೋರೈಟರನ್ನು ತಡೆಯಲು ಗೋಡೆ ಕಟ್ಟಿಸಿದ. ಅದರ ಹೆಸರು ಮುರಿಕ್-ತಿದ್ನಿಮ್, ಅಂದರೆ 'ತಿದ್ನುಮರನ್ನು (ಅಮೋರೈಟರ ಒಂದು ಪಂಗಡ) ದೂರವಿಡುವುದು'. ಮುಂದೆ ಊರ್ ಬಿದ್ದದ್ದು ಮೂಡಣದ ಎಲಾಮ್ ರಾಜ್ಯದ ಸೈನ್ಯಕ್ಕೆ. ಅಮೋರೈಟರೋ, ಲಾರ್ಸಾ, ಬ್ಯಾಬಿಲೋನ್‌ಗಳಲ್ಲಿ ಸಿಂಹಾಸನವನ್ನೇ ಏರಿದರು.

'ಅಲೆಮಾರಿ ಒಂದು ಕಡೆ, ರಾಜ್ಯ ಇನ್ನೊಂದು ಕಡೆ' ಎಂಬ ಲೆಕ್ಕ ಎಷ್ಟು ತಪ್ಪೆಂದು ತಿಳಿಯಲು ಇಂದಿನ ಸಿರಿಯಾದಲ್ಲಿ, ಯೂಫ್ರೆಟಿಸ್ ದಂಡೆಯಲ್ಲಿದ್ದ ಮಾರಿ ನಗರವನ್ನು ನೋಡಬೇಕು. 1933ರಿಂದ ನಡೆದ ಉತ್ಖನನದಲ್ಲಿ ಅಲ್ಲಿನ ಅರಮನೆಯಲ್ಲಿ ಬರಹವಿರುವ ಸುಮಾರು 20,000 ಮಣ್ಣಿನ ಫಲಕಗಳು ಸಿಕ್ಕಿವೆ. ಅಲ್ಲಿ ವರ್ಷಕ್ಕೆ 200 ಮಿ.ಮೀ. ಮಳೆಯೂ ಇಲ್ಲ. ಬೇಸಾಯ ನದಿಯ ಕಾಲುವೆಯಿಂದಲೇ ಆಗಬೇಕು. ಬಯಲಿನ ಹುಲ್ಲು ಚಳಿಗಾಲದ ಮಳೆಯ ನಂತರ ಕೆಲವೇ ತಿಂಗಳು. ಹುಲ್ಲಿರುವಾಗ ಹಿಂಡು ಬಯಲಿಗೆ, ಬಿಸಿಲೇರಿದಾಗ ನದಿಗೆ. ಒಂದೇ ಬುಡಕಟ್ಟಿನಲ್ಲಿ ಉಳುವವರೂ ಇದ್ದರು, ಹಿಂಡಿನ ಹಿಂದೆ ಹೋಗುವವರೂ ಇದ್ದರು.

ಬುಡಕಟ್ಟುಗಳು ಮುಖ್ಯವಾಗಿ ಎರಡು: 'ಎಡದ ಮಕ್ಕಳು' ಸಿಮಾಲರು, 'ಬಲದ ಮಕ್ಕಳು' ಯಮೀನರು. ಮೂಡಣಕ್ಕೆ ಮುಖಮಾಡಿ ನಿಂತರೆ ಎಡಕ್ಕೆ ಬಡಗು, ಬಲಕ್ಕೆ ತೆಂಕು. ('ದಕ್ಷಿಣ' ಎಂಬ ನಮ್ಮ ಮಾತಿಗೂ ಬಲ, ತೆಂಕು ಎಂಬ ಎರಡರ್ಥ ಬಂದದ್ದು ಹೀಗೆಯೇ.) ಕ್ರಿ.ಪೂ. 18ನೇ ಶತಮಾನದ ಮಾರಿಯ ದೊರೆ ಜಿಮ್ರಿ-ಲಿಮ್ ಸ್ವತಃ ಸಿಮಾಲ.

ಆಡಳಿತಕ್ಕೆ ಕೊಂಡಿಗಳಿದ್ದವು. 'ಸುಗಾಗುಮ್' ಎಂಬ ಹಟ್ಟಿಯ ಮುಖಂಡ ಪದವಿಗೇರುವಾಗ ಅರಮನೆಗೆ ಬೆಳ್ಳಿಯನ್ನೋ ಕುರಿಗಳನ್ನೋ ಸಲ್ಲಿಸುತ್ತಿದ್ದ. 'ಮೆರ್ಹುಮ್' ಎಂಬ ಅಧಿಕಾರಿ ಹುಲ್ಲುಗಾವಲನ್ನು ನೋಡಿಕೊಳ್ಳುತ್ತಿದ್ದ. ತೊಡಕು ಬರುತ್ತಿದ್ದುದು ದಂಡಿಗೆ ಜನ ಕೂಡಿಸುವಾಗ. ಬಯಲಲ್ಲಿ ಚದುರಿದವರನ್ನು ಹಿಡಿದು ತರುವುದು ಹೇಗೆ? ಗೊತ್ತುಪಡಿಸಿದ ಜಾಗದಲ್ಲಿ 5 ದಿನ ಕಾದರೂ 'ಹನಾ' ಎಂಬ ಡೇರೆವಾಸಿಗಳು ಬಾರದಿದ್ದಾಗ ಅಧಿಕಾರಿ ಬಹ್ದಿ-ಲಿಮ್ ದೊರೆಗೆ ಓಲೆ ಬರೆದ: ಸೆರೆಮನೆಯ ಅಪರಾಧಿಯೊಬ್ಬನನ್ನು ಕೊಂದು, ತಲೆಯನ್ನು ಊರೂರಿಗೆ ತಿರುಗಿಸೋಣ, ಹೆದರಿ ಬಂದಾರು. ತೋಳು ಎಟುಕದ ಆಡಳಿತದ ಹತಾಶೆ ಅದು.

ಬೆದರಿಕೆಗಿಂತ ಒಪ್ಪಂದವೇ ಬಾಳುತ್ತಿತ್ತು. ಹನಾ ಜನರಿಗೂ ಇದಾಮರಸ್ ಸೀಮೆಯವರಿಗೂ ರಾಜಿ ಮಾಡಿಸುವಾಗ ಬಲಿಗೆ ನಾಯಿಮರಿ, ಮೇಕೆ ತಂದರು. ಅಧಿಕಾರಿ ಇಬಾಲ್-ಎಲ್ ಒಪ್ಪಲಿಲ್ಲ; ಕತ್ತೆಮರಿಯನ್ನೇ ಕಡಿಸಿದ. ಅಂಥ ಒಡಂಬಡಿಕೆಗೆ ತಕ್ಕ ಪಶು ಅದೇ.

ಬಹ್ದಿ-ಲಿಮ್‌ನದೇ ಇನ್ನೊಂದು ಓಲೆಯಿದೆ. ದೊರೆ ಕುದುರೆಯೇರಬಾರದು, ಗೌರವಕ್ಕೆ ಹೇಸರಗತ್ತೆಯೇ ತಕ್ಕದ್ದು ಎಂಬ ಸಲಹೆ ಅದರಲ್ಲಿದೆ. ಕಾರಣ ಕೊಡುವಾಗ ಅವನಿಟ್ಟ ಕ್ರಮ ನೋಡಿ: ನೀನು ಹನಾ ಜನರ ದೊರೆ, ಎರಡನೆಯದಾಗಿ, ಅಕ್ಕಾಡಿಯನರ (ನೆಲೆನಿಂತ ಜನರ) ದೊರೆ.